ಸೊನ್ನೆ ಸೊನ್ನೆ ಸೊನ್ನೆ ಒತ್ತಿದ ಮೇಲೆ

2014ರ ಆಗಸ್ಟ್ 2. ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಅದಿರಿನ ಸೀಮೆಯಲ್ಲಿ ಸೌತ್ ಹೆಡ್‌ಲೆಂಡ್ ಅಂತ ಒಂದು ಊರು. ಅಲ್ಲೊಂದು ಮನೆಗೆ ಪೊಲೀಸರು ಬಂದರು. ಹೆಂಗಸಿನ ಹತ್ತಿರ ಸುಳಿಯಬೇಡ, ಹಿಂಸೆ ಕೊಡಬೇಡ ಅಂತ ಕೋರ್ಟು ಹಾಕಿದ್ದ ತಡೆಯಾಜ್ಞೆಯನ್ನು ಮುರಿದಿದ್ದಾನೆಂದು ಒಬ್ಬ ಗಂಡಸನ್ನು ಹುಡುಕಿಕೊಂಡು ಬಂದಿದ್ದರು. ಅವನನ್ನು ಹಿಡಿದರು. ಜೊತೆಗಿದ್ದ 22 ವರ್ಷದ ಸಂಗಾತಿಯನ್ನೂ ಹಿಡಿದರು. ಅವಳ ತಪ್ಪು: ಸುಮಾರು 3,600 ಡಾಲರ್ ದಂಡ ಕಟ್ಟದೆ ಬಾಕಿ ಉಳಿಸಿಕೊಂಡದ್ದು.

ಕೆಲವು ತಿಂಗಳ ಹಿಂದೆ ಅದೇ ಗಂಡಸಿನ ಏಟಿಗೆ ಅವಳ ಪಕ್ಕೆಲುಬು ಮುರಿದಿತ್ತು. ಅಲ್ಲಿ ಕೀವಾಗಿ, ನಂಜು ರಕ್ತಕ್ಕೇರಿತ್ತು. ಲಾಕಪ್ಪಿನಲ್ಲಿ ನೋವು ನೋವು ಅಂತ ಅತ್ತಳು. ಆಸ್ಪತ್ರೆಗೆ ಎರಡು ಸಲ ಕರೆದೊಯ್ದು ಎರಡು ಸಲವೂ ವಾಪಸ್ ತಂದರು. ಇವಳು ನಾಟಕ ಆಡುತ್ತಿದ್ದಾಳೆ ಅನ್ನುವುದು ಪೊಲೀಸರ ಎಣಿಕೆ. ಮೂರನೇ ಸಲ ಕರೆದೊಯ್ಯುವ ಹೊತ್ತಿಗೆ ಕಾಲ ಮಿಂಚಿತ್ತು. ಆಗಸ್ಟ್ 4ರಂದು ತೀರಿಕೊಂಡಳು. ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು ಹೇಳಬಾರದೆಂಬ ನೇಮವಿದೆ. ಹಾಗಾಗಿ ದೇಶಕ್ಕೆಲ್ಲ ಅವಳು ಗೊತ್ತಿರುವುದು ‘ಮಿಸ್ ಧೂ’ ಅಂತ ಮಾತ್ರ.

ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಕೌಟುಂಬಿಕ ದೌರ್ಜನ್ಯ ಏಕೆ ಅಷ್ಟು ಜಟಿಲ ಅಂತ ಕೇಳಿದರೆ ನಾನು ಈ ಕತೆಯಿಂದಲೇ ಶುರು ಮಾಡುತ್ತೇನೆ. ಹೊಡೆದವನು ಒಬ್ಬ. ಆದರೆ ಜೀವ ಹೋದದ್ದು ಕಾಪಾಡಬೇಕಾದವರ ಕೈಯಲ್ಲಿ. ‘ಆ ಹೆಂಗಸರು ಪೊಲೀಸರಿಗೆ ಯಾಕೆ ಫೋನ್ ಮಾಡುವುದಿಲ್ಲ?’ ಅಂತ ಹೊರಗಿನವರು ಕೇಳುತ್ತಾರೆ. ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000. ಆ ಮೂರು ಸೊನ್ನೆ ಒತ್ತಿದ ಮೇಲೆ ಏನೇನಾಗುತ್ತದೆ ಅನ್ನುವುದು ಗೊತ್ತಾದರೆ ಮೊದಲಿನ ಪ್ರಶ್ನೆ ಬೇರೆಯೇ ಆಗಿ ಕಾಣುತ್ತದೆ.

ಮೊದಲು ಪ್ರಮಾಣ ಎಷ್ಟು ಅಂತ ನೋಡೋಣ. ಮೂಲನಿವಾಸಿಗಳು, ಅಂದರೆ ಅಬೊರಿಜಿನಲ್ ಮತ್ತು ಟೊರೆಸ್ ಜಲಸಂಧಿ ದ್ವೀಪದ ಜನ ಸೇರಿ, ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ 2021ರ ಅಂದಾಜಿನಂತೆ ಶೇ. 3.8. ಮನೆಯವರ ಹೊಡೆತದಿಂದ ಆಸ್ಪತ್ರೆ ಸೇರುವುದರಲ್ಲಿ ಮಾತ್ರ ಇವರ ಹೆಂಗಸರ ಪ್ರಮಾಣ ಇತರ ಆಸ್ಟ್ರೇಲಿಯನ್ ಹೆಂಗಸರಿಗಿಂತ 30 ಪಟ್ಟಿಗೂ ಹೆಚ್ಚು. ಇದನ್ನು ಕೇಳಿದ ಕೂಡಲೇ ‘ಅವರ ಗಂಡಸರೇ ಹಾಗೆ, ಅದು ಅವರ ಸಂಸ್ಕೃತಿ’ ಅನ್ನುವ ಮಾತು ಬರುತ್ತದೆ. ಎರಡು ಕಾರಣಕ್ಕೆ ಅದು ತಪ್ಪು. ಈ ಹೆಂಗಸರನ್ನು ಹೊಡೆಯುವವರಲ್ಲಿ ಬೇರೆ ಜನಾಂಗದ ಗಂಡಸರೂ ಇದ್ದಾರೆ. ನಗರಗಳಲ್ಲಂತೂ ಮೂಲನಿವಾಸಿ ಹೆಂಗಸರ ಸಂಗಾತಿಗಳು ಎಲ್ಲ ಬಣ್ಣದವರು. ಇನ್ನೊಂದು, ‘ಇದು ನಮ್ಮ ಸಂಸ್ಕೃತಿಯಲ್ಲ’ ಅಂತ ಗಟ್ಟಿಯಾಗಿ ಹೇಳುತ್ತ ಬಂದವರು ಆ ಸಮುದಾಯದ ಹಿರಿಯ ಹೆಂಗಸರೇ.

ಇಲ್ಲೊಂದು ಪದದ ವಿಷಯ. ಇಂಗ್ಲಿಷಿನಲ್ಲಿ ‘ಡೊಮೆಸ್ಟಿಕ್ ವಯಲೆನ್ಸ್’ ಅಂದರೆ ಒಂದು ಮನೆ, ಒಂದು ಜೋಡಿ ಅನ್ನುವ ಚಿತ್ರ ಬರುತ್ತದೆ. ಮೂಲನಿವಾಸಿಗಳು ‘ಫ್ಯಾಮಿಲಿ ವಯಲೆನ್ಸ್’ ಅನ್ನುವುದನ್ನೇ ಇಷ್ಟಪಡುತ್ತಾರೆ, ಯಾಕೆಂದರೆ ಅವರಿಗೆ ಕುಟುಂಬ ಗಂಡ ಹೆಂಡಿರಿಗೆ ಮುಗಿಯುವುದಿಲ್ಲ. ನಮ್ಮ ‘ಕೌಟುಂಬಿಕ ದೌರ್ಜನ್ಯ’ ಅನ್ನುವ ಮಾತು ಇದಕ್ಕೆ ತಾನಾಗಿಯೇ ಹೊಂದುತ್ತದೆ. ಕುಟುಂಬದ ಕಲ್ಪನೆಯೂ ಕನ್ನಡದವರಿಗೆ ಪೂರ್ತಿ ಅಪರಿಚಿತವಲ್ಲ. ತಾಯಿಯ ಅಕ್ಕತಂಗಿಯರನ್ನು ನಾವು ದೊಡ್ಡಮ್ಮ ಚಿಕ್ಕಮ್ಮ ಅನ್ನುತ್ತೇವೆ, ತಂದೆಯ ಅಣ್ಣತಮ್ಮಂದಿರನ್ನು ದೊಡ್ಡಪ್ಪ ಚಿಕ್ಕಪ್ಪ ಅನ್ನುತ್ತೇವೆ. ಅಮ್ಮ, ಅಪ್ಪ ಆ ಪದಗಳ ಒಳಗೇ ಇದ್ದಾರೆ. ಅಲ್ಲಿನ ಅನೇಕ ಸಮುದಾಯಗಳಲ್ಲೂ ಅಷ್ಟೇ: ತಾಯಿಯ ತಂಗಿ ತಾಯಿಯೇ, ಅವಳ ಮಕ್ಕಳು ಒಡಹುಟ್ಟಿದವರೇ. ಆಸ್ಟ್ರೇಲಿಯಾದ ಕೆಲವು ನಂಟಿನ ಪದ್ಧತಿಗಳನ್ನು ಮಾನವಶಾಸ್ತ್ರಜ್ಞರು ದ್ರಾವಿಡ ಪದ್ಧತಿಯ ಪಕ್ಕದಲ್ಲಿಟ್ಟು ಓದುವುದು ಸುಮ್ಮನೆ ಅಲ್ಲ.

ಹೀಗೆ ನೇಯ್ದ ಕುಟುಂಬದಲ್ಲಿ ಗಂಡನ ಮೇಲೆ ದೂರು ಕೊಟ್ಟರೆ ಅದು ಗಂಡನ ಮೇಲಷ್ಟೇ ಕೊಟ್ಟ ದೂರಾಗುವುದಿಲ್ಲ. ಇನ್ನೂರು ಜನರ ಊರಿನಲ್ಲಿ ಅವನ ತಾಯಂದಿರು ನಾಲ್ವರು, ಅಣ್ಣಂದಿರು ಹತ್ತು ಮಂದಿ ಇರಬಹುದು. ಇನ್ನೊಂದು ತೊಡಕೂ ಇದೆ. ಅನೇಕ ಸಮುದಾಯಗಳಲ್ಲಿ ಅಳಿಯ, ಹೆಣ್ಣು ಕೊಟ್ಟ ಅತ್ತೆ ಪರಸ್ಪರ ಎದುರಾಗಬಾರದು, ಮಾತಾಡಬಾರದು. ಅದು ಗೌರವದ ಕಟ್ಟಳೆ. ಕೋರ್ಟಿನ ಒಂದೇ ಕಾಯುವ ಕೋಣೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿದರೆ ಮಗಳ ಪರ ಮಾತಾಡಬೇಕಾದ ತಾಯಿ ಎದ್ದು ಹೊರಗೆ ಹೋಗುತ್ತಾಳೆ. ಕಡತದಲ್ಲಿ ‘ಸಾಕ್ಷಿ ಹಾಜರಿಲ್ಲ’ ಅಂತ ಬರೆದರೆ ಅದು ಬರವಣಿಗೆಯ ಮಟ್ಟಿಗೆ ಸರಿಯೇ.

ಇನ್ನು ಫೋನಿಗೆ ಬರೋಣ. ಏಟು ತಿಂದ ಮೂಲನಿವಾಸಿ ಹೆಂಗಸು ಫೋನ್ ಕೈಗೆತ್ತಿಕೊಂಡಾಗ ಮೊದಲು ನೆನಪಾಗುವುದು ಮಕ್ಕಳು. ಇಪ್ಪತ್ತನೇ ಶತಮಾನದ ಬಹುಪಾಲು ಕಾಲ ಆಸ್ಟ್ರೇಲಿಯಾದ ಸರ್ಕಾರಗಳು ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಮಿಷನ್‌ಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿದವು. ‘ಕದ್ದೊಯ್ದ ತಲೆಮಾರುಗಳು’ ಎಂದು ಅವರನ್ನು ಕರೆಯುತ್ತಾರೆ. ಇದರ ವಿಚಾರಣಾ ವರದಿ ಬಂದದ್ದು 1997ರಲ್ಲಿ. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. ಆ ಮಕ್ಕಳನ್ನು ಕರೆದೊಯ್ಯಲು ಬರುತ್ತಿದ್ದವರಲ್ಲಿ ಪೊಲೀಸರೂ ಇದ್ದರು. ಇದು ಹಳೆಯ ಕತೆ ಅಂತ ಬಿಡುವ ಹಾಗಿಲ್ಲ. ಈಗಲೂ ಮೂಲನಿವಾಸಿ ಮಗು ಸರ್ಕಾರಿ ಆರೈಕೆಗೆ ಹೋಗುವ ಸಂಭವ ಇತರ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಮನೆಯಲ್ಲಿ ಹೊಡೆದಾಟ ನಡೆದಿದೆ ಅಂತ ಪೊಲೀಸ್ ವರದಿ ಆದರೆ ಮಕ್ಕಳ ರಕ್ಷಣಾ ಇಲಾಖೆಗೆ ಸುದ್ದಿ ಹೋಗುತ್ತದೆ. ‘ಮಕ್ಕಳನ್ನು ಹಿಂಸೆಯಿಂದ ಕಾಪಾಡಲಿಲ್ಲ’ ಎಂದು ಏಟು ತಿಂದ ತಾಯಿಯ ಮೇಲೇ ಬರೆಯಬಹುದು. ಅವಳ ಅಜ್ಜಿಗೆ ಹಾಗಾಗಿತ್ತು, ಅವಳ ಅಮ್ಮ ಮಿಷನ್ನಿನಲ್ಲಿ ಬೆಳೆದವಳು. ಅವಳು ಫೋನನ್ನು ಕೆಳಗಿಡುವುದರಲ್ಲಿ ಹೆಡ್ಡತನವೇನೂ ಇಲ್ಲ, ಅದು ಅನುಭವ ಕಲಿಸಿದ ಲೆಕ್ಕಾಚಾರ.

ಅವಳು ಫೋನ್ ಮಾಡಿದಳು ಅಂತಲೇ ಇಟ್ಟುಕೊಳ್ಳಿ. ದೂರದ ಊರಾದರೆ ಪೊಲೀಸರು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಬರುವ ಹೊತ್ತಿಗೆ ಅವನು ತಣ್ಣಗಾಗಿ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಇವಳು ರಕ್ತ ಸುರಿಸಿಕೊಂಡು ಕಿರುಚುತ್ತಿರುತ್ತಾಳೆ, ಕುಡಿದೂ ಇರಬಹುದು. ಕೈಯಲ್ಲಿ ಏನೋ ಹಿಡಿದುಕೊಂಡಿರುತ್ತಾಳೆ. ಇಂಗ್ಲಿಷ್ ಅವಳಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ಚಿಕ್ಕಂದಿನ ಕಿವಿ ಸೋರುವಿಕೆಯಿಂದ ಸರಿಯಾಗಿ ಕೇಳಿಸದಿರುವುದೂ ಅಲ್ಲಿ ಬಹಳ ಸಾಮಾನ್ಯ. ಪೊಲೀಸ್ ಕೇಳುತ್ತಾನೆ: ‘ನೀನೂ ಅವನಿಗೆ ಹೊಡೆದೆಯಾ?’ ‘ಹೂಂ.’ ‘ಮೊದಲು ಹೊಡೆದವಳು ನೀನೇ ಅಲ್ಲವಾ?’ ‘ಹೂಂ.’

ಈ ‘ಹೂಂ’ ಬಗ್ಗೆ ಆಸ್ಟ್ರೇಲಿಯಾದ ಭಾಷಾವಿಜ್ಞಾನಿಗಳು ದಶಕಗಳಿಂದ ಬರೆದಿದ್ದಾರೆ. ಅಧಿಕಾರದಲ್ಲಿರುವವರು ಪ್ರಶ್ನೆ ಕೇಳಿದಾಗ ವಿಷಯ ಒಪ್ಪಿಗೆಯೋ ಇಲ್ಲವೋ, ತಕರಾರು ಬೇಡವೆಂದು ಹೌದು ಅನ್ನುವುದು ಅನೇಕ ಮೂಲನಿವಾಸಿಗಳ ಮಾತಿನ ರೀತಿ. ಕಣ್ಣಿಗೆ ಕಣ್ಣಿಟ್ಟು ನೋಡದಿರುವುದು ಮರ್ಯಾದೆ. ಉತ್ತರಕ್ಕೆ ಮೊದಲು ದೀರ್ಘವಾಗಿ ಸುಮ್ಮನಿರುವುದು ಯೋಚಿಸುತ್ತಿರುವುದರ ಗುರುತು. ಠಾಣೆಯ ಭಾಷೆಯಲ್ಲಿ ಇವು ಕ್ರಮವಾಗಿ ತಪ್ಪೊಪ್ಪಿಗೆ, ಕಳ್ಳನೋಟ, ಸುಳ್ಳು ಹೊಸೆಯುವಿಕೆ. ನಮ್ಮ ಊರುಗಳಲ್ಲಿ ಸಾಹೇಬರ ಮುಂದೆ ಕೈಕಟ್ಟಿ ನಿಂತು ‘ಹೌದು ಸ್ವಾಮಿ, ಹೌದು ಸ್ವಾಮಿ’ ಅಂದವರನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಆಗುವುದೇನೆಂದರೆ, ಅವಳನ್ನೇ ಆರೋಪಿ ಅಂತ ಬರೆದುಕೊಳ್ಳುತ್ತಾರೆ, ಇಲ್ಲವೇ ಇಬ್ಬರ ಮೇಲೂ ರಕ್ಷಣಾ ಆದೇಶ ಹಾಕಿಸುತ್ತಾರೆ. ಭಾರತದ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿರುವಂತೆಯೇ ಅಲ್ಲಿಯೂ ಆ ಆದೇಶ ಸಿವಿಲ್ ಸ್ವರೂಪದ್ದು, ಮುರಿದರೆ ಮಾತ್ರ ಅಪರಾಧ. ಅವಳ ಹೆಸರಿಗೂ ಆದೇಶ ಬಿತ್ತೆಂದರೆ ಅವನಿರುವ ಮನೆಗೆ ಕಾಲಿಟ್ಟರೂ ಅವಳೇ ಅಪರಾಧಿ. ಹದಿನೈದು ಜನ ಮಲಗುವ ಮನೆ ಬಿಟ್ಟರೆ ಊರಲ್ಲಿ ಬೇರೆ ಸೂರಿಲ್ಲ! ಕ್ವೀನ್ಸ್‌ಲೆಂಡಿನಲ್ಲಿ ಇಂಥ ಸಾವುಗಳನ್ನು ಪರಿಶೀಲಿಸುವ ಮಂಡಳಿ 2016–17ರ ವರದಿಯಲ್ಲಿ ಬೆಚ್ಚಿಬೀಳಿಸುವ ಸಂಗತಿ ಹೇಳಿತು. ತಾನು ಪರಿಶೀಲಿಸಿದ ಪ್ರಕರಣಗಳಲ್ಲಿ ಸತ್ತ ಹೆಂಗಸರ ಪೈಕಿ ಅರ್ಧಕ್ಕೆ ಸಮೀಪದಷ್ಟು ಮಂದಿಯನ್ನು ಹಿಂದೆ ಯಾವಾಗಲಾದರೂ ‘ಹಿಂಸೆ ಮಾಡಿದವಳು’ ಅಂತ ದಾಖಲಿಸಲಾಗಿತ್ತು. ಮೂಲನಿವಾಸಿ ಹೆಂಗಸರಲ್ಲಿ ಹೆಚ್ಚೂಕಡಿಮೆ ಎಲ್ಲರನ್ನೂ.

2013ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್ ಊರಿನಲ್ಲಿ ಇದು ಯಾವ ಮಟ್ಟಕ್ಕೆ ಹೋಯಿತೆಂದರೆ, ಸಂಗಾತಿಯಿಂದ ಏಟು ತಿಂದು ಬಟ್ಟೆಯಿಲ್ಲದೆ ರಕ್ತಸಿಕ್ತಳಾಗಿ ಬೀದಿಯಲ್ಲಿ ಸಿಕ್ಕ ತಾಯಿಯೊಬ್ಬಳನ್ನು ಪೊಲೀಸರು ತಮ್ಮ ಮೇಲೆ ಹಲ್ಲೆ ಮಾಡಿದಳೆಂದು ಬಂಧಿಸಿದರು. ಅತ್ತ ಅದೇ ಗಂಡಸು ಅವಳ ಹತ್ತು ತಿಂಗಳ ಮಗುವನ್ನು ಎತ್ತಿಕೊಂಡು ಹೋದ. ಮಗುವನ್ನು ಹುಡುಕಿ ಅಂತ ಅಜ್ಜ ಪೊಲೀಸರ ಮುಂದೆ ಮತ್ತೆ ಮತ್ತೆ ಅಂಗಲಾಚಿದರು. ಮಗು ಶವವಾಗಿ ಸಿಕ್ಕಿತು. ಆಮೇಲೆ ಕೇಸು ಬಿದ್ದದ್ದು ಆ ತಾಯಿಯ ಮೇಲೂ ಅಜ್ಜನ ಮೇಲೂ! ರಾಜ್ಯ ಸರ್ಕಾರ ಇಬ್ಬರ ಶಿಕ್ಷೆಯನ್ನೂ ಅಳಿಸಿ ಕ್ಷಮೆ ಕೇಳಿದ್ದು 2022ರಲ್ಲಿ, ಒಂಬತ್ತು ವರ್ಷದ ನಂತರ.

ಇದನ್ನೆಲ್ಲ ಓದಿದರೆ ಕಾನೂನನ್ನು ಇನ್ನಷ್ಟು ಬಿಗಿ ಮಾಡುವುದೇ ದಾರಿ ಅನ್ನಿಸಬಹುದು. ಆ ದಾರಿಯಲ್ಲೂ ನಡೆದು ನೋಡಿದ್ದಾರೆ. ಉತ್ತರ ಪ್ರಾಂತ್ಯದಲ್ಲಿ 2009ರಿಂದ, ಮನೆಯಲ್ಲಿ ಗಂಭೀರ ಹಿಂಸೆ ನಡೆಯುತ್ತಿದೆಯೆಂದು ನಂಬುವ ವಯಸ್ಕರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ನೆರೆಯವನಾದರೂ ಸರಿ, ಅಂಗಡಿಯವನಾದರೂ ಸರಿ. ಹಾಗಿದ್ದರೂ ಪ್ರಾಂತ್ಯದ ಕೊರೊನರ್ (ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ಎಲಿಜಬೆತ್ ಆರ್ಮಿಟೇಜ್ ಸಂಗಾತಿಗಳ ಕೈಯಲ್ಲಿ ಸತ್ತ ನಾಲ್ವರು ಮೂಲನಿವಾಸಿ ಹೆಂಗಸರ ವಿಚಾರಣೆ ಮುಗಿಸಿ, 2024ರ ನವೆಂಬರ್ 25ರಂದು 35 ಶಿಫಾರಸುಗಳನ್ನು ಮುಂದಿಡಬೇಕಾಯಿತು. ಅದೇ ವರ್ಷ ಜುಲೈನಲ್ಲಿ ನ್ಯೂ ಸೌತ್ ವೇಲ್ಸ್, ಸಂಗಾತಿಯನ್ನು ಅಂಕೆಯಲ್ಲಿಟ್ಟು ಹಿಂಸಿಸುವುದನ್ನು ಪ್ರತ್ಯೇಕ ಅಪರಾಧ ಮಾಡಿತು. ಆ ಅಸ್ತ್ರವೂ ಕೊನೆಗೆ ನಮ್ಮ ಹೆಂಗಸರ ಮೇಲೇ ತಿರುಗೀತು ಅನ್ನುವ ಆತಂಕ ಮೂಲನಿವಾಸಿ ಸಂಘಟನೆಗಳದ್ದು. ಆಸ್ಟ್ರೇಲಿಯಾದ ಹೆಣ್ಣು ಕೈದಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಈ ಪುಟ್ಟ ಸಮುದಾಯದವರು, ಅವರಲ್ಲಿ ಹೆಚ್ಚಿನವರು ತಾವೇ ಹಿಂಸೆ ಉಂಡವರು. ಆತಂಕ ಬುಡವಿಲ್ಲದ್ದಲ್ಲ.

ಹಾಗಾದರೆ ಏನು ಮಾಡಬೇಕು ಅನ್ನುವುದಕ್ಕೆ 2007ನೇ ಇಸವಿ ಒಳ್ಳೆಯ ಪಾಠ. ಒಂದೇ ವರ್ಷ, ಎರಡು ತದ್ವಿರುದ್ಧ ಉತ್ತರಗಳು.

ಒಂದು ಕ್ಯಾನ್ಬೆರಾದಿಂದ ಬಂತು. ಉತ್ತರ ಪ್ರಾಂತ್ಯದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ರೆಕ್ಸ್ ವೈಲ್ಡ್, ಪ್ಯಾಟ್ ಆಂಡರ್ಸನ್ ಸಿದ್ಧಪಡಿಸಿದ ವರದಿ ಹೊರಬಿದ್ದಿತ್ತು. ಸಮುದಾಯದವರ ಜೊತೆ ಕೂತು ಮಾತಾಡಿ ಮಾಡಿ ಅನ್ನುವುದು ಅದರ ಮೊದಲ ಸಲಹೆ. ಪ್ರಧಾನಿ ಜಾನ್ ಹೊವರ್ಡ್ ಸರ್ಕಾರ ಜೂನ್ 21ರಂದು ‘ತುರ್ತು ಕ್ರಮ’ ಘೋಷಿಸಿತು. ಸೇನೆಯ ನೆರವಿನೊಂದಿಗೆ ತಂಡಗಳು ಹಳ್ಳಿಗಳಿಗೆ ಬಂದವು. ಮದ್ಯದ ಮೇಲೆ ಕಟ್ಟು ಬಿತ್ತು. ಅಲ್ಲಿನವರ ಸರ್ಕಾರಿ ಭತ್ಯೆಯ ಅರ್ಧವನ್ನು ತಡೆಹಿಡಿದು, ಇಂಥದ್ದಕ್ಕೇ ಖರ್ಚು ಮಾಡಬೇಕು ಅಂತ ಕಟ್ಟು ಹಾಕಿದರು. ಇದನ್ನೆಲ್ಲ ಮಾಡಲು ಜನಾಂಗೀಯ ತಾರತಮ್ಯ ತಡೆ ಕಾಯ್ದೆಯನ್ನೇ ಬದಿಗಿಟ್ಟರು. ಸೈನ್ಯದ ವಾಹನ ಕಂಡು, ಮತ್ತೆ ಮಕ್ಕಳನ್ನು ಒಯ್ಯಲು ಬಂದರು ಅಂತ ಹೆದರಿ ಮಕ್ಕಳನ್ನು ಕಾಡಿಗೆ ಕರೆದೊಯ್ದು ಅಡಗಿಸಿದ ತಾಯಂದಿರ ಮಾತು ಇಂದಿಗೂ ಅಲ್ಲಿ ಕೇಳಸಿಗುತ್ತದೆ.

ಎರಡನೆಯದು ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯ ಪುಟ್ಟ ಪಟ್ಟಣ ಫಿಟ್ಜ್‌ರಾಯ್ ಕ್ರಾಸಿಂಗ್‌ನದು. ಮೇಲಿಂದ ಮೇಲೆ ಆತ್ಮಹತ್ಯೆಗಳು, ವಾರವಾರ ಶವಸಂಸ್ಕಾರ, ರಾತ್ರಿಯಿಡೀ ಕುಡಿತ, ಹೊಡೆತ. ಅಲ್ಲಿನ ಹೆಂಗಸರ ಕೇಂದ್ರವಾದ ಮಾರ್ನಿನ್‌ವಾರ್ನ್ಟಿಕುರಾದ ಜೂನ್ ಆಸ್ಕರ್, ಎಮಿಲಿ ಕಾರ್ಟರ್ ಮತ್ತು ಸಂಗಡಿಗರು ಕೂಡಿ ಕೂತು, ಅಂಗಡಿಯಿಂದ ಪಾರ್ಸಲ್ ಒಯ್ಯುವ ಕಟುಮದ್ಯ ನಿಲ್ಲಿಸಿ ಅಂತ ಪಟ್ಟುಹಿಡಿದರು. ಅಕ್ಟೋಬರಿನಿಂದ ಕಡಿಮೆ ಮಾದಕತೆಯ ಬಿಯರ್ ಬಿಟ್ಟರೆ ಮಿಕ್ಕದ್ದನ್ನು ಪಾರ್ಸಲ್ ಕೊಡುವಂತಿಲ್ಲ ಅಂತಾಯಿತು. ಊರಿನಲ್ಲೇ ವಿರೋಧ ಬಂತು, ಬೈಗುಳ ಬಂತು. ಆದರೆ ತೀರ್ಮಾನ ಊರಿನದು. ಜೂನ್ ಆಸ್ಕರ್ ಮುಂದೆ 2017ರಲ್ಲಿ ದೇಶದ ಮೂಲನಿವಾಸಿ ಸಾಮಾಜಿಕ ನ್ಯಾಯ ಆಯುಕ್ತೆಯಾದರು.

ಎರಡೂ ಕಡೆ ಮದ್ಯದ ಮೇಲೆ ಕಟ್ಟು ಬಿದ್ದಿತ್ತು ಅನ್ನುವುದನ್ನು ಗಮನಿಸಿ. ಔಷಧಿ ಒಂದೇ ಇದ್ದರೂ ಕೊಟ್ಟ ಕೈ ಬೇರೆ. ಕುಡಿತವೇ ಮೂಲ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕುಡಿಯದೆ ಹೊಡೆಯುವವರು ಬೇಕಾದಷ್ಟು ಇದ್ದಾರೆ. ಆದರೆ ಏಟು ಎಷ್ಟು ಜೋರಾಗಿ ಬೀಳುತ್ತದೆ ಅನ್ನುವುದರಲ್ಲಿ ಕುಡಿತದ ಪಾಲು ದೊಡ್ಡದು. 2022ರ ಜುಲೈಯಲ್ಲಿ ಉತ್ತರ ಪ್ರಾಂತ್ಯದ ಹಳೆಯ ಮದ್ಯ ನಿರ್ಬಂಧಗಳ ಅವಧಿ ಮುಗಿದದ್ದೇ ತಡ, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹಲ್ಲೆಗಳು ಏರಿದವು. 2023ರ ಆರಂಭದಲ್ಲಿ ಮತ್ತೆ ಬಿಗಿ ಮಾಡಬೇಕಾಯಿತು.

ಹೆಂಗಸರು ತಾವೇ ಕಟ್ಟಿಕೊಂಡ ದಾರಿಗಳಲ್ಲಿ ನನಗೆ ಬಹಳ ಹಿಡಿಸುವುದು ರಾತ್ರಿ ಗಸ್ತು. ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಮುನ್ನೂರು ಕಿಲೋಮೀಟರ್ ದೂರದ ಯುಯೆಂಡುಮುವಿನಲ್ಲಿ 1990ರ ದಶಕದ ಆರಂಭದಲ್ಲಿ ವಾರ್ಲ್‌ಪಿರಿ ಸಮುದಾಯದ ಹಿರಿಯ ಹೆಂಗಸರು ಇದನ್ನು ಶುರು ಮಾಡಿದರು. ಬಂಧಿಸುವ ಅಧಿಕಾರವಿಲ್ಲ, ಬಂದೂಕಿಲ್ಲ. ಕೈಯಲ್ಲಿ ‘ನಲ್ಲಾ ನಲ್ಲಾ’ ಎಂಬ ಮರದ ದೊಣ್ಣೆ. ಕುಡಿದು ಗಲಾಟೆ ಮಾಡುವವನ ಎದುರು ಬಂದು ನಿಂತವಳು ಅವನ ಅಜ್ಜಿಯೋ ದೊಡ್ಡಮ್ಮನೋ ಆಗಿರುತ್ತಿದ್ದಳು. ದೂರು ಕೊಡಲು ಅಡ್ಡಿಯಾಗುವ ಅದೇ ನಂಟಿನ ಬಲೆ ಇಲ್ಲಿ ಕಾವಲಿಗೆ ಒದಗುತ್ತದೆ. ಪೊಲೀಸನಿಗೆ ಎದುರು ನಿಲ್ಲುವವನು ಅಜ್ಜಿಯ ಬೈಗುಳಕ್ಕೆ ತಲೆ ತಗ್ಗಿಸುತ್ತಾನೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ಸುಮ್ಮನೆ ಮನೆ ಸೇರುವ ಅಜ್ಜಿಯರಲ್ಲ ಇವರು.

ಮರುಭೂಮಿಯ ನಡುವೆ ಎರಡು ರಾಜ್ಯಗಳ ಮತ್ತು ಉತ್ತರ ಪ್ರಾಂತ್ಯದ ಗಡಿ ಕೂಡುವ ಸೀಮೆಯಲ್ಲಿ ಎನ್‌ಪಿವೈ (ಅಲ್ಲಿನ ಮೂರು ಸಮುದಾಯಗಳ ಹೆಸರಿನ ಮೊದಲಕ್ಷರಗಳು) ಮಹಿಳಾ ಮಂಡಳಿ ಕೆಲಸ ಮಾಡುತ್ತದೆ. ಭೂಮಿಯ ಹಕ್ಕಿನ ಮಾತುಕತೆಯಲ್ಲಿ ತಮ್ಮನ್ನು ಯಾರೂ ಕೇಳಲಿಲ್ಲವೆಂದು ಸಿಟ್ಟಾದ ಹೆಂಗಸರು 1980ರಲ್ಲಿ ಕಟ್ಟಿದ್ದು. ಅವರ ಸೀಮೆ ಮೂರೂವರೆ ಲಕ್ಷ ಚದರ ಕಿಲೋಮೀಟರ್, ಹತ್ತಿರ ಹತ್ತಿರ ಎರಡು ಕರ್ನಾಟಕದಷ್ಟು. ಜನ ಆರು ಸಾವಿರದ ಆಸುಪಾಸು. ಹೊಡೆದವನು ಗಡಿ ದಾಟಿದರೆ ಪೊಲೀಸ್ ಬೇರೆ, ಕೋರ್ಟ್ ಬೇರೆ. 1994ರಲ್ಲಿ ಶುರುವಾದ ಅವರ ಕೌಟುಂಬಿಕ ಹಿಂಸೆ ಸೇವೆಯ ಕೆಲಸಗಾರರು ಗಡಿ ನೋಡದೆ ಹೆಂಗಸಿನ ಜೊತೆಗೇ ಹೋಗುತ್ತಾರೆ. ಅತ್ತ ಮೆಲ್ಬರ್ನ್‌ನಲ್ಲಿ ಆಂಟೊನೆಟ್ ಬ್ರೇಬ್ರುಕ್ 2002ರಿಂದ ನಡೆಸಿಕೊಂಡು ಬಂದ ಕಾನೂನು ನೆರವಿನ ಸಂಸ್ಥೆ ಈಗ ‘ಜಿರ್ರಾ’. ಬುಟ್ಟಿ ಹೆಣೆಯುವ ಜೊಂಡಿಗೆ ವೊಯ್‌ವುರ್ರುಂಗ್ ಭಾಷೆಯ ಹೆಸರು ಅದು. ಆ ಸಂಸ್ಥೆ ‘ಸಿಸ್ಟರ್ಸ್ ಡೇ ಔಟ್’ ಅಂತ ಹೆಂಗಸರನ್ನು ಒಂದು ದಿನ ಸೇರಿಸುತ್ತದೆ: ಕೂದಲ ಆರೈಕೆ, ಊಟ, ಹರಟೆ. ವಕೀಲರೂ ಅಲ್ಲೇ ಓಡಾಡಿಕೊಂಡಿರುತ್ತಾರೆ. ‘ಕೌಟುಂಬಿಕ ಹಿಂಸೆ ಸಮಾಲೋಚನೆ’ ಅಂತ ಬೋರ್ಡು ಹಾಕಿದ ಬಾಗಿಲನ್ನು ಯಾರೂ ನೋಡದಂತೆ ತಟ್ಟುವುದು ಸಣ್ಣ ಸಮುದಾಯದಲ್ಲಿ ಅಸಾಧ್ಯ. ಕೂದಲು ಬಾಚಿಸಿಕೊಳ್ಳಲು ಹೋಗುವುದಕ್ಕೆ ಗಂಡನೂ ಬೇಡ ಅನ್ನಲಾರ.

ಗಂಡಸರನ್ನು ಬಿಟ್ಟು ಈ ಕೆಲಸ ಆಗುವುದಿಲ್ಲ. ಉತ್ತರ ಪ್ರಾಂತ್ಯದಲ್ಲಿ ಕ್ರೀಡಾ ವೀಕ್ಷಕ ವಿವರಣೆಕಾರ ಚಾರ್ಲಿ ಕಿಂಗ್ ಶುರುಮಾಡಿದ ‘ನೋ ಮೋರ್’ ಆಂದೋಲನದಲ್ಲಿ ಫುಟ್‌ಬಾಲ್ ತಂಡಗಳು ಆಟಕ್ಕೆ ಮೊದಲು ಮೈದಾನದಲ್ಲಿ ತೋಳಿಗೆ ತೋಳು ಹೆಣೆದು ನಿಲ್ಲುತ್ತವೆ. ವಿಕ್ಟೋರಿಯಾದ ‘ದಾರ್ದಿ ಮುನ್‌ವುರ್ರೊ’ ಹೊಡೆಯುವ ಗಂಡಸರನ್ನು ತಿಂಗಳುಗಟ್ಟಲೆ ಒಂದೆಡೆ ಇರಿಸಿಕೊಂಡು, ಹಿರಿಯರ ಜೊತೆ ಕೂರಿಸಿ ಮಾತಾಡಿಸುತ್ತದೆ. ತೋಳು ಹೆಣೆದು ನಿಂತ ಮಾತ್ರಕ್ಕೆ ಮನೆಯಲ್ಲಿ ಕೈ ತಡೆಯುತ್ತದೆಯೇ ಅಂತ ಕೇಳಿದರೆ ನನಗೂ ಅನುಮಾನವೇ. ಎರಡನೆಯ ಬಗೆಯ, ನಿಧಾನದ, ದುಬಾರಿ ಕೆಲಸದ ಮೇಲೆ ನನಗೆ ನಂಬಿಕೆ ಹೆಚ್ಚು.

ಅಳೆಯಬಹುದಾದ ಫಲ ಕಂಡದ್ದು ಬೋರ್ಕ್‌ನಲ್ಲಿ. ಸಿಡ್ನಿಯಿಂದ ಸುಮಾರು 800 ಕಿಲೋಮೀಟರ್ ದೂರ, ಡಾರ್ಲಿಂಗ್ ನದಿಯ ದಂಡೆ. ಒಂದು ಕಾಲಕ್ಕೆ ನ್ಯೂ ಸೌತ್ ವೇಲ್ಸ್‌ನಲ್ಲಿ ಕೌಟುಂಬಿಕ ಹಿಂಸೆಯ ಪಟ್ಟಿಯ ಮೇಲ್ತುದಿಯಲ್ಲಿದ್ದ ಊರು. ಅಲ್ಲಿನ ಮೂಲನಿವಾಸಿಗಳು ‘ಮಾರಂಗುಕಾ’ ಎಂಬ ಯೋಜನೆ ಹೂಡಿದರು. ಙೆಂಬಾ ಭಾಷೆಯಲ್ಲಿ ಅದಕ್ಕೆ ಪರರ ಕಾಳಜಿ ಎಂದು ಅರ್ಥ. ಜೈಲಿಗೆ ಸುರಿಯುವ ದುಡ್ಡನ್ನು ಜನ ಜೈಲಿಗೆ ಹೋಗದಂತೆ ತಡೆಯಲು ಖರ್ಚು ಮಾಡಿ ಅನ್ನುವುದು ಅದರ ತಿರುಳು. ಕೆಲಸ ತೀರ ಸರಳ. ಬೆಳಿಗ್ಗೆ ಪೊಲೀಸರು, ಇಲಾಖೆಗಳವರು, ಸಮುದಾಯದವರು ಒಟ್ಟಿಗೆ ಕೂತು ಹಿಂದಿನ ರಾತ್ರಿ ಯಾವ ಮನೆಯಲ್ಲಿ ಏನಾಯಿತು ಅಂತ ನೋಡುತ್ತಾರೆ. ಹಿಂಸೆಯ ದೂರು ಬಂದ ಮನೆಗೆ 48 ಗಂಟೆಯೊಳಗೆ ಹೋಗಿ ಮಾತಾಡಿಸುತ್ತಾರೆ, ಕೈಕೋಳ ತೆಗೆದುಕೊಂಡಲ್ಲ. ಇದರ ಜೊತೆಗೆ ಹುಡುಗರಿಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಡುವ ಕೆಲಸ. ಹಿಂಸೆಗೂ ಲೈಸೆನ್ಸಿಗೂ ಏನು ಸಂಬಂಧ ಅಂದಿರಾ? ಬಸ್ಸಿಲ್ಲದ ಊರಲ್ಲಿ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ಮತ್ತೆ ಮತ್ತೆ ಸಿಕ್ಕಿಬಿದ್ದು ಜೈಲು ಸೇರಿ, ಕೆಲಸ ಕಳೆದುಕೊಂಡು ಮನೆಗೆ ಬರುವ ಗಂಡಸಿನ ಸಿಟ್ಟು ಯಾರ ಮೇಲೆ ಬೀಳುತ್ತದೆ?

ಕೆಪಿಎಂಜಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿದಾಗ 2016ಕ್ಕೂ 2017ಕ್ಕೂ ನಡುವೆ ಪೊಲೀಸ್ ದಾಖಲೆಗೆ ಬಂದ ಕೌಟುಂಬಿಕ ಹಿಂಸೆ ಶೇ. 23ರಷ್ಟು ತಗ್ಗಿತ್ತು. ಸುಮಾರು ಎರಡು ಸಾವಿರ ಜನರ ಊರು ಅದು, ಒಂದು ವರ್ಷದ ಅಂಕಿ. ಚಿಕ್ಕ ಊರಿನ ಅಂಕಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ ಅನ್ನುವುದು ನೆನಪಿರಲಿ. ಹಾಗಿದ್ದೂ ಬೋರ್ಕ್ ಬಳಿ ಒಂದು ಅಂಕಿಯಾದರೂ ಇದೆ. ಇಡೀ ದೇಶದ್ದು ಕೇಳಬೇಡಿ. ಮೂಲನಿವಾಸಿಗಳಿಗೂ ಇತರರಿಗೂ ನಡುವಿನ ಅಂತರ ತಗ್ಗಿಸಲು ಮಾಡಿಕೊಂಡ 2020ರ ರಾಷ್ಟ್ರೀಯ ಒಪ್ಪಂದದ 13ನೇ ಗುರಿಯಂತೆ, ಮೂಲನಿವಾಸಿ ಹೆಂಗಸರು ಮತ್ತು ಮಕ್ಕಳ ಮೇಲಿನ ಹಿಂಸೆ 2031ರೊಳಗೆ ಕನಿಷ್ಠ ಅರ್ಧಕ್ಕೆ ಇಳಿಯಬೇಕು. ಅದಕ್ಕೆ ಇಟ್ಟುಕೊಂಡ ಅಳತೆಗೋಲು 2018–19ರ ಸಮೀಕ್ಷೆ. ಆಮೇಲೆ ವರ್ಷಗಟ್ಟಲೆ, ಗುರಿಯತ್ತ ಸಾಗುತ್ತಿದ್ದೇವೋ ಇಲ್ಲವೋ ಎಂದು ನೋಡಲು ಹೊಸ ಸಮೀಕ್ಷೆಯೇ ಕೈಗೆ ಬರಲಿಲ್ಲ.

ಮಿಸ್ ಧೂ ತೀರಿಕೊಂಡು ಆರು ವರ್ಷದ ಮೇಲೆ, 2020ರಲ್ಲಿ, ಬಾಕಿ ದಂಡಕ್ಕಾಗಿ ಜೈಲಿಗೆ ಕಳಿಸುವ ಪದ್ಧತಿಗೆ ಪಶ್ಚಿಮ ಆಸ್ಟ್ರೇಲಿಯಾದ ಸಂಸತ್ತು ಬಹುಮಟ್ಟಿಗೆ ಕೊನೆಹಾಡಿತು. 2022ರ ಮಾರ್ಚಿನಲ್ಲಿ ಇನ್ನೊಂದು ದೂರವಾಣಿ ಸಂಖ್ಯೆ ಶುರುವಾಯಿತು. ಅದರ ಹೆಸರು ‘13 ಯಾರ್ನ್’. ಯಾರ್ನ್ ಅಂದರೆ ಅವರ ಆಡುಮಾತಿನಲ್ಲಿ ಕೂತು ಮನಬಿಚ್ಚಿ ಮಾತಾಡುವುದು. ಸಂಕಟದಲ್ಲಿರುವ ಯಾವ ಮೂಲನಿವಾಸಿಯೂ ಯಾವ ಹೊತ್ತಿನಲ್ಲೂ ಅದಕ್ಕೆ ಕರೆ ಮಾಡಬಹುದು. ಅದು ಪೊಲೀಸ್ ಸಂಖ್ಯೆಯಲ್ಲ, ಮನೆ ಬಾಗಿಲಿಗೆ ಗಾಡಿ ಕಳಿಸುವ ಸಂಖ್ಯೆಯೂ ಅಲ್ಲ. ಆ ತುದಿಯಲ್ಲಿ ಫೋನ್ ಎತ್ತುವವರು ಮೂಲನಿವಾಸಿಗಳೇ.